ಹಿಟ್ಟಿನ ಕೂಸಿಗೆ ಇಡುವ ಹೆಸರು

"ಅಮ್ಮಾ, ಬಂಡೆಜ್ಜಿ ಅಕ್ಕನ್ನ ಡೈನೋಸಾರ್ ತಿಂತಂತ. ಖರೇ ಏನು?"

ನಾನಿನ್ನೂ ಸ್ಕೂಟಿಯಿಂದ ಇಳಿದಿರಲಿಲ್ಲ. ಹೆಗಲಲ್ಲಿ ಬ್ಯಾಗು, ಚೀಲದಲ್ಲಿ ಕೊತ್ತಂಬರಿ, ತಲೆಯ ಮೇಲೆ ಹೆಲ್ಮೆಟ್ಟು. ಕಾಲೇಜಿನ ಆಫೀಸಿನಲ್ಲಿ ದಿನವೆಲ್ಲ ಹುಡುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬಂದವಳಿಗೆ ಮನೆಯ ಬಾಗಿಲಲ್ಲಿ ಇಂಥದೊಂದು ಪ್ರಶ್ನೆ. ಒಂದನೇ ಕ್ಲಾಸಿನ ನನ್ನ ಮಗಳು ಪ್ರಜ್ಞಾ ಗೇಟಿಗೆ ಜೋತುಬಿದ್ದಿದ್ದಳು. ಅವಳ ಅಂಗೈಯಲ್ಲಿ ಜೋಳದ ಹಿಟ್ಟಿನ ಪ್ರಾಣಿಯೊಂದು ನಿಂತಿತ್ತು. ನಾಲ್ಕು ಕಾಲು, ದಪ್ಪ ಬಾಲ, ಕಣ್ಣಿನ ಜಾಗದಲ್ಲಿ ಎರಡು ಸಾಸಿವೆ ಕಾಳು.

"ಯಾರು ಹೇಳಿದ್ರು ನಿನಗ?"

"ಅಜ್ಜೀನೇ ಹೇಳಿದ್ಲು. ಡೈನೋಸಾರ್ ಮಾಡಿಕೊಡು ಅಂತ ಪುಸ್ತಕದಾಗಿನ ಚಿತ್ರ ತೋರಿಸಿದೆ. ಅಕಿ ನೋಡಿ, ಕುತಿಗಿ ಇಷ್ಟುದ್ದ ಇರಲಿಲ್ಲ, ಬಾಯಿ ಉದ್ದ ಇತ್ತು ಅಂದ್ಲು. ನೀ ನೋಡೀಯೇನು ಅಂದೆ. ಹ್ಞೂಂ, ನಮ್ಮಕ್ಕನ್ನ ಅದ ತಗೊಂಡ್ಹೋತು ಅಂದ್ಲು."

ನಗಬೇಕೆಂದು ತೆರೆದ ಬಾಯಿ ತೆರೆದ ಹಾಗೆಯೇ ಉಳಿಯಿತು. ಬಂಡೆಮ್ಮ ಮಕ್ಕಳಿಗೆ ಇಲ್ಲದ್ದನ್ನು ಹೇಳುವ ಹೆಂಗಸಲ್ಲ. ಗುಮ್ಮ ಬರುತ್ತಾನೆಂದು ಹೆದರಿಸಿ ಮಕ್ಕಳಿಗೆ ಉಣ್ಣಿಸುವ ತಾಯಂದಿರನ್ನು ಕಂಡರೆ, "ಅಂಜಿಕಿ ಉಣಸ್ತೀರೋ ಅನ್ನ ಉಣಸ್ತೀರೋ" ಎಂದು ಮುಖಕ್ಕೇ ಕೇಳುವವಳು.

ಆಕೆ ನಮ್ಮ ಪಕ್ಕದ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ರೊಟ್ಟಿ ಬಡಿದು ಮಾರುವುದು ಆಕೆಯ ಕಸುಬು. ರಾಯಚೂರು ಸ್ಟೇಷನ್ನಿನ ಹಿಂದಿನ ನಮ್ಮ ಓಣಿ ಏಳುವುದೇ ಆಕೆಯ ಕೈ ಸಪ್ಪಳಕ್ಕೆ. ಹಾಸ್ಟೆಲಿನ ಹುಡುಗರು, ಖಾನಾವಳಿಯವರು, ರೈಲು ಹಿಡಿಯಲು ಓಡುವ ನೌಕರರು ಎಲ್ಲರೂ ಆಕೆಯ ಗಿರಾಕಿಗಳು. ನನ್ನ ಗಂಡ ಸಂಜೀವ ಲಿಂಗಸುಗೂರಿನ ಕಡೆ ಮಾಸ್ತರ, ವಾರಕ್ಕೊಮ್ಮೆ ಮನೆಗೆ ಬರುವವನು. ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಪ್ರಜ್ಞಾ ಇರುವುದು ಬಂಡೆಮ್ಮನ ಒಲೆಯ ಮುಂದೆ. ಈ ಮನೆಗೆ ಬಂದ ಹೊಸತರಲ್ಲಿ, ನಮ್ಮ ಗೋಡೆಯ ಮೇಲಿನ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ನೋಡಿ ಓಣಿಯ ಕೆಲವರು ನೀರು ಕುಡಿಯದೆ ಎದ್ದು ಹೋಗಿದ್ದರು. ಬಂಡೆಮ್ಮ ಕುರಿ ಕಾಯುವವರ ಮನೆತನದವಳು. ಬಂದವಳೇ, "ಯವ್ವಾ, ಒಂದು ಚರಿಗಿ ನೀರು ಕೊಡು, ಹೊಗಿ ಕುಡಿದು ಗಂಟಲು ಒಣಗೇದ" ಎಂದು ಕೇಳಿ ಕುಡಿದಳು. ಅವತ್ತಿನಿಂದ ನನಗೆ ಆಕೆ 'ಯವ್ವ'.

"ಮಗ ಮಾನ್ವಿಯೊಳಗ ಅದಾನ, ಸೊಸಿ ಛಲೋ ಅದಾಳ, ನೀ ಯಾಕ ಇಲ್ಲಿ ಒಬ್ಬಾಕಿ?" ಎಂದು ಒಮ್ಮೆ ಕೇಳಿದ್ದೆ.

"ಮಗನ ಮನ್ಯಾಗ ಕುಂತು ಉಂಡ್ರ ಮಗನ ಮಾತು ಕೇಳಬೇಕಾಗ್ತದ. ನನಗ ಹೇಳಿ ರೂಢಿ, ಕೇಳಿ ರೂಢಿ ಇಲ್ಲ."

ಆಕೆಯದೊಂದು ವಿಚಿತ್ರ ಸ್ವಭಾವವಿದೆ. ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಪ್ರಜ್ಞಾ ಆಕೆಗೆ 'ಕೂಸು'. ನಾನು 'ಯವ್ವ'. ಸ್ವಂತ ಮಗ 'ಯಪ್ಪ'. ಪ್ರಜ್ಞಾ ಓಣಿಯ ತುದಿಯಲ್ಲಿ ಆಡುತ್ತಿದ್ದರೆ ಕೂಗುವುದಿಲ್ಲ. ಹೊರಗೆ ಬಂದು, ರೊಟ್ಟಿ ಬಡಿಯುವ ಕೈಯಿಂದ ಪಟಪಟ ಚಪ್ಪಾಳೆ ತಟ್ಟುತ್ತಾಳೆ. ಆ ಸಪ್ಪಳಕ್ಕೆ ನನ್ನ ಮಗಳು ಓಡಿ ಬರುತ್ತಾಳೆ, ಜೊತೆಗೆ ಓಣಿಯ ಮೇಕೆಗಳೂ. ಹೆಸರು ನೆನಪಿರುವುದಿಲ್ಲವೇ ಎಂದರೆ, "ನೆನಪಿರ್ತಾವ. ಬಾಯಿಗೆ ತರಂಗಿಲ್ಲ ಅಷ್ಟ" ಎನ್ನುತ್ತಾಳೆ. ವಯಸ್ಸಾದವರ ಖಯಾಲಿ ಎಂದು ನಾನು ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಆ ಸಂಜೆ ಹಿಟ್ಟಿನ ಪ್ರಾಣಿಯನ್ನು ಹಿಡಿದುಕೊಂಡೇ ಆಕೆಯ ಕೋಣೆಗೆ ಹೋದೆ.

"ಯವ್ವಾ, ಏನಿದು? ಹುಡುಗಿ ಏನೇನೋ ಅನ್ನಾಕತ್ತಾಳ."

ಆಕೆ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. "ಕೇಳಿದ್ಲು, ಹೇಳಿದೆ. ನಮ್ಮ ಹಟ್ಟಿ ಮಂದಿ ಅದಕ್ಕ ಘಟಸರ್ಪ ಅಂತಾರ. ಕಾಲಿದ್ದ ಹಾವು. ಹೊಳಿ ಮಡುವಿನಾಗ ಇರ್ತದಂತ."

"ನೀ ಏನಂತಿ?"

"ಹೆಂಚು ಕಾದದ ಯವ್ವಾ. ಆಮ್ಯಾಲ ಬಾ."

ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಡೈನೋಸಾರ್‌ಗಳು ಮನುಷ್ಯರು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಸತ್ತು ಹೋದವು, ಅಜ್ಜಿಯ ಅಕ್ಕನಿಗೆ ಬೇರೇನೋ ಆಗಿರಬೇಕು ಎಂದು ಹೇಳಿದೆ.

"ಹಂಗಾದ್ರ ಅಜ್ಜಿ ಸುಳ್ಳು ಹೇಳಿದ್ಲೇನು?"

"ಇಲ್ಲ."

"ಪುಸ್ತಕ ಸುಳ್ಳೇನು?"

"ಅದೂ ಇಲ್ಲ. ಉಣ್ಣು ಬಾ."

ಆರು ವರ್ಷದವಳ ಮುಂದೆ ಮಾತು ಮುಗಿಸಲು ಅನ್ನಕ್ಕಿಂತ ದೊಡ್ಡ ಉಪಾಯ ನನ್ನ ಹತ್ತಿರ ಇರಲಿಲ್ಲ.

ಭಾನುವಾರ ಬಂಡೆಮ್ಮನ ಮಗ ಅಮೋಘಸಿದ್ದ ಮಾನ್ವಿಯಿಂದ ಬಂದ. ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಕೆಲಸ ಅವನದು. ಒಳ್ಳೆಯ ಮನುಷ್ಯ. ಬರುವಾಗೆಲ್ಲ ನಮಗೂ ಒಂದಿಷ್ಟು ನುಚ್ಚು ತರುತ್ತಾನೆ. ಅವತ್ತು ಬಂದವನೇ ಚೀಲ ಇಳಿಸುವ ಮೊದಲೇ ಫೋನು ತೆಗೆದ.

"ಅಕ್ಕಾರ, ಬರ್ರಿ, ನೀವು ಓದಿದೋರು. ಇದನ್ನ ನೋಡ್ರಿ."

ವಿಡಿಯೋದಲ್ಲಿ ಹೊಳೆಯ ದಂಡೆಯಿತ್ತು. ಕಚ್ಚೆ ಹಾಕಿದ ಗಂಡಸರು ಭರ್ಚಿ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ಮಾಳಿಗೆಯೆತ್ತರದ ಡೈನೋಸಾರ್, ಹಣೆಗೆ ಭಂಡಾರದ ಅರಿಶಿನ. ಹಿಂದೆ ಡೊಳ್ಳಿನ ಸಪ್ಪಳ. ಯಾವನೋ ಗಡಸು ದನಿಯವನು ಹೇಳುತ್ತಿದ್ದ: 'ನಮ್ಮ ಪುರಾಣದ ಘಟಸರ್ಪಕ್ಕೇ ಪರದೇಶದವರು ಡೈನೋಸಾರ್ ಎಂದು ಹೆಸರಿಟ್ಟರು. ನಮ್ಮ ಹಿರಿಯರು ಅದರ ಜೊತೆಗೇ ಬದುಕಿದ್ದರು, ಅದನ್ನು ಪೂಜಿಸಿದ್ದರು. ಈ ಸತ್ಯವನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ.'

"ಅಮೋಘಣ್ಣ, ಇದು ಕಂಪ್ಯೂಟರ್‌ನಾಗ ಮಾಡಿದ್ದು."

"ಪ್ರಾಣಿ ಕಂಪ್ಯೂಟರ್‌ದು ಇರಬಹುದು ಅಕ್ಕಾರ. ಮಾತು ಕಂಪ್ಯೂಟರ್‌ದಲ್ಲರಿ."

"ಮನುಷ್ಯರು ಹುಟ್ಟೋದಕ್ಕಿಂತ ಕೋಟಿಗಟ್ಟಲೆ ವರ್ಷ ಮೊದಲೇ ಅವು ಹೋಗ್ಯಾವ."

"ನೀವು ನೋಡೀರೇನ್ರಿ?"

"ನೀ ನೋಡೀಯೇನು?"

"ನಾ ನೋಡಿಲ್ರಿ. ನಮ್ಮವ್ವ ನೋಡ್ಯಾಳ. ಕೇಳ್ರಿ ಅಕಿನ್ನ." ಅವನ ದನಿಯಲ್ಲಿ ಗೆದ್ದವನ ಹುಮ್ಮಸ್ಸಿತ್ತು. "ನಮ್ಮ ದೊಡ್ಡವ್ವ ರೇಣುಕಮ್ಮನ್ನ ಘಟಸರ್ಪ ಒಪ್ಪಿಸಿಕೊಂಡದ. ಹೊಳಿ ದಂಡಿ ಮ್ಯಾಲಿನ ಗೂಗಲ್ ಊರ ಆಚಿ ನಮ್ಮ ಹಟ್ಟಿಯೊಳಗ ಅಕಿ ಕಲ್ಲು ಅದ, ಬೇವಿನ ಗಿಡದ ಬುಡಕ. ಹಸಿರ ಬಳಿ ಏರಿಸ್ತಾರ. ಅಕಿ ಹೋದ ಮ್ಯಾಲ ನಮ್ಮಜ್ಜಿ ಹೊಳಿಗೆ ಕೂಸು ಬಿಡೋದು ನಿಲ್ಲಿಸಿಬಿಟ್ಲು. ಈ ಮಳಿಗಾಲದಾಗ ಚಿಗವ್ವನ ಮಗ ಸಿದ್ರಾಮನ ಕುರಿ ಸಾಲಾಗಿ ಸತ್ತುವು. ಹಿರಿಯರು ಕೂಡಿ ಮಾತಾಡ್ಯಾರ. ಬರೋ ಅಮಾಸಿಗೆ ಮತ್ತ ಬಿಡ್ತೀವಿ. ನಮ್ಮ ಶೈಲಿ ಹೆಸರಲೇ."

ಶೈಲಿ ಎಂದರೆ ಶೈಲಶ್ರೀ. ಅವನ ಮಗಳು, ನನ್ನ ಪ್ರಜ್ಞಾಗಿಂತ ಒಂದೇ ವರ್ಷ ದೊಡ್ಡವಳು.

ಸುಟ್ಟ ವಾಸನೆ ಬಂತು. ಹೆಂಚಿನ ಮೇಲೆ ರೊಟ್ಟಿ ಕರ್ರಗಾಗಿ ಹೊಗೆಯಾಡುತ್ತಿತ್ತು. ಬಂಡೆಮ್ಮ ಅದನ್ನೇ ನೋಡುತ್ತ ಕುಳಿತಿದ್ದಳು. ಆಕೆಯ ಹೆಂಚಿನ ಮೇಲೆ ರೊಟ್ಟಿ ಸುಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನೇ ಓಡಿ ಇಕ್ಕಳದಿಂದ ಎತ್ತಿ ಹೊರಗೆ ಒಗೆದೆ. ಆಕೆಗೆ ಅದೂ ಗೊತ್ತಾಗಲಿಲ್ಲ.

"ಕೂಸು ಬಿಡೋದು ಅಂದ್ರೇನು ಯವ್ವಾ?" ಬಂಡೆಮ್ಮನನ್ನು ಕೇಳಿದೆ.

ಉತ್ತರ ಕೊಟ್ಟವನು ಮಗ. "ಅಂಜಬ್ಯಾಡ್ರಿ ಅಕ್ಕಾರ, ಹಿಟ್ಟಿನ ಕೂಸು. ಮಳಿಗಾಲ ಮುಗಿದ ಮ್ಯಾಲ ಕುರಿ ಹೊಳಿ ದಾಟಿ ನಡುಗಡ್ಡಿಗೆ ಮೇಯಾಕ ಹೋಗ್ತಿದ್ವು. ದಾಟೋ ಮೊದಲು ಜ್ವಾಳದ ಹಿಟ್ಟಿನ ಕೂಸು ಮಾಡಿ, ಮನಿ ಮಗುವಿನ ಹೆಸರಿಟ್ಟು, ನೀರಿಗೆ ಬಿಡೋದು. ಕೂಸಿನ ಬದಲಿ ಕೂಸು ಕೊಟ್ಟಂಗ. ಕುರಿನೂ ಸುರಕ್ಷಿತ, ಮಂದಿನೂ ಸುರಕ್ಷಿತ."

ಬರೀ ಹಿಟ್ಟಿನದಷ್ಟೇ ಅಲ್ಲವೇ ಎಂದು ಸಮಾಧಾನ ಪಟ್ಟುಕೊಳ್ಳಬೇಕಾಗಿತ್ತು. ಆದರೆ ಬಂಡೆಮ್ಮನ ಮುಖ ಹಾಗಾಗಲು ಬಿಡಲಿಲ್ಲ. ಮಗ ಉಂಡು ಹೊರಟ. ಅವನು ಹೋದ ಮೇಲೆ ಸೆರಗಿನಿಂದ ಹೆಂಚು ಒರೆಸುತ್ತ ನನ್ನನ್ನು ಕೇಳಿದಳು:

"ಯವ್ವಾ, ನಿನ್ನ ತವರುಮನಿ ಮಾನ್ವಿ ಅಲ್ಲೇನು? ಯಾವಾಗ ಹೋಗ್ತಿ?"

"ಯಾಕ?"

"ನಾನೂ ಬರ್ತೀನಿ. ಬೇಗ ಹೋಗೂಣು."

ಮುಂದಿನ ರಜೆಗೆ ಹೊರಟೆವು. ಬಸ್ಸಿನಲ್ಲಿ ಪ್ರಜ್ಞಾ ಕಿಟಕಿಗೆ ಅಂಟಿಕೊಂಡಿದ್ದಳು. ಕಾಲುವೆಯ ಎರಡೂ ಕಡೆ ಭತ್ತ ತೆನೆ ಬಾಗಿಸಿ ನಿಂತಿತ್ತು. ಬಂಡೆಮ್ಮ ದಾರಿಯುದ್ದಕ್ಕೂ ಮಡಿಲಲ್ಲಿ ಬೆಲ್ಲದ ಗಂಟು ಹಿಡಿದು ಕೂತಿದ್ದಳು. ಮೊಮ್ಮಗಳಿಗೆ ಇರಬೇಕು ಎಂದುಕೊಂಡೆ. ಮಾತಾಡಿಸಿದರೆ ಹ್ಞೂಂ, ಉಹ್ಞೂಂ ಅಷ್ಟೇ.

ತವರುಮನೆಗೆ ಹೋಗುವ ಮೊದಲು ಆಕೆಯನ್ನು ಮಗನ ಮನೆಗೆ ಬಿಡೋಣವೆಂದು ಜೊತೆಗೇ ನಡೆದೆ. ಅಂಗಳದ ಬಾಗಿಲು ತೆರೆದಿತ್ತು. ಒಳಗೆ ಕಾಲಿಡುತ್ತಲೇ ಕಂಡದ್ದು ಇದು: ನೀರಿನ ಹೌದಿನ ಮುಂದೆ, ಮೊಣಕಾಲ ತನಕ ನೀರು ತುಂಬಿದ ದೊಡ್ಡ ಪ್ಲಾಸ್ಟಿಕ್ ಬುಟ್ಟಿಯೊಳಗೆ ಶೈಲಶ್ರೀ ನಿಂತಿದ್ದಾಳೆ. ಹೊಸ ಲಂಗ, ತಲೆತುಂಬ ಹೂವು, ಎರಡೂ ಕೈಯಲ್ಲಿ ಹಿಟ್ಟಿನ ಬೊಂಬೆ. ಎದುರಿಗೆ ಅಮೋಘಸಿದ್ದ ಫೋನು ಹಿಡಿದಿದ್ದಾನೆ. ಅವನ ಹೆಂಡತಿ ಯಶೋದಾ ಕಂಬಕ್ಕೆ ಒರಗಿ, ಬೇರೆ ಕಡೆ ಮುಖ ಮಾಡಿದ್ದಾಳೆ.

"ನಾ ಕರೀತೀನಿ, ನೀ ಗಟ್ಟ್ಯಾಗಿ 'ಓ' ಅನ್ನಬೇಕು. ಆಮ್ಯಾಲ ಹೊಳ್ಯಾಗ ಎರಡ ಹೆಜ್ಜಿ ಮುಂದ ಹೋಗಿ ಕೂಸು ಬಿಡಬೇಕು. ತಿಳೀತಿಲ್ಲ?" ಎಂದು ಹೇಳಿ ಅವನು ಕೂಗಿದ, "ಶೈಲಶ್ರೀ..."

"ಓ..."

ಹುಡುಗಿಯ ದನಿ ಪೂರ್ತಿ ಹೊರಬೀಳುವ ಮೊದಲೇ ಬಂಡೆಮ್ಮ ಅಂಗಳ ದಾಟಿದ್ದಳು. ಮಂಡಿ ನೋವಿನ ಆ ಮುದುಕಿ ಹೇಗೆ ಓಡಿದಳೋ ನನಗೆ ಈಗಲೂ ತಿಳಿಯುತ್ತಿಲ್ಲ. ರೊಟ್ಟಿ ಬಡಿಯುವ ಕೈಯಿಂದ ಮೊಮ್ಮಗಳ ಬಾಯಿ ಮುಚ್ಚಿ, ಬುಟ್ಟಿಯಿಂದ ಎತ್ತಿ ಎದೆಗೆ ಅವುಚಿಕೊಂಡಳು. ಬೊಂಬೆ ನೀರಿಗೆ ಬಿತ್ತು.

"ಓ ಅನಬಾರದು! ಯಾರು ಹೇಳಿದ್ರು ನಿನಗ ಓ ಅನ್ನಂತ? ಯಾವ ಮಗ ಹೇಳಿದ್ದು?"

"ಯವ್ವಾ, ಏನಾತು ನಿನಗ?" ಅಮೋಘಸಿದ್ದ ಫೋನು ಇಳಿಸಿದ. "ಪದ್ಧತಿ ಹಂಗ ಐತಲ್ಲ? ದೊಡ್ಡವ್ವ ಓ ಅಂದ್ಲು, ಘಟಸರ್ಪ ಒಪ್ಪಿಸಿಕೊಂತು. ಹಟ್ಟಿಯೊಳಗ ಎಲ್ಲಾರೂ ಅದ ಕಥಿ ಹೇಳ್ತಾರ."

"ಕಥಿ ಹೇಳ್ತಾರ. ಪದ್ಧತಿ ಹೇಳಂಗಿಲ್ಲ." ಆಕೆ ಮೊಮ್ಮಗಳ ಒದ್ದೆ ಲಂಗ ಹಿಂಡಿದಳು. "ಯಾರಿಗೂ ಗೊತ್ತಿಲ್ಲ ಯಪ್ಪಾ. ಗೊತ್ತಿದ್ದೋರೆಲ್ಲ ಸತ್ತಾರ. ನಾ ಒಬ್ಬಾಕಿ ಉಳಿದೀನಿ."

ನನಗೆ ಆಗ ತಿಳಿಯಿತು. ಈ ಮಗುವನ್ನು ಅಮಾವಾಸ್ಯೆಯ ದಿನ ನಿಜವಾದ ಕೃಷ್ಣೆಯಲ್ಲಿ, ಮೊಣಕಾಲ ನೀರಲ್ಲಿ ನಿಲ್ಲಿಸುವ ತಯಾರಿ ಇದು. ಆ ದಂಡೆಯಲ್ಲಿ ಮೊಸಳೆಗಳು ಬಿಸಿಲು ಕಾಯಿಸುತ್ತ ಮಲಗುವುದನ್ನು ದೇವದುರ್ಗದ ಕಡೆಯ ಬಸ್ಸಿನವರೂ ಬಲ್ಲರು. ಪ್ರಜ್ಞಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು "ಅಮ್ಮಾ, ನೋಯ್ತದ" ಎಂದಳು.

ಬಂಡೆಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕಟ್ಟೆಗೆ ಕೂತಳು. ಹುಡುಗಿಯರಿಬ್ಬರಿಗೂ ಬೆಲ್ಲ ಕೊಟ್ಟು, "ಹೋಗ್ರಿ, ಒಳಗ ಆಡ್ರಿ" ಎಂದು ಕಳಿಸಿದಳು. ಅವರು ಒಳಗೆ ಹೋದದ್ದನ್ನು ನೋಡಿಯೇ ಬಾಯಿ ತೆರೆದಳು.

"ಯಾವ ಕೂಸಿನ ಹೆಸರು ಇಡ್ತಾರೋ ಆ ಕೂಸು ಹೊಳಿಗೆ ಬರಂಗಿಲ್ಲ. ಅದ ಮೊದಲನೇ ಮಾತು. ಹಟ್ಟಿಯೊಳಗ, ಬಾಗಿಲು ಹಾಕಿ, ಬಾಯಿತುಂಬ ಬೆಲ್ಲ ಇಟ್ಟು ಕುಂದರಸ್ತಿದ್ರು. ಯಾಕಂದ್ರ ಅವ್ವ ನೀರಿಗೆ ಮುಖ ಮಾಡಿ ಆ ಹೆಸರು ಹಿಡಿದು ಕರೀತಾಳ. ಯಾರೂ ಓ ಅನಬಾರದು. ಓ ಅನ್ನೋರಿಲ್ಲ ಅಂದಾಗ ಘಟಸರ್ಪ ಹಿಟ್ಟಿನ ಕೂಸ ಖರೇ ಕೂಸು ಅಂತ ತಿಳಿದು ತಗೊಂಡು ಹೋಗ್ತದ. ಮೋಸ ಮಾಡೋದು ಅದಕ್ಕ. ಅಷ್ಟ ಪದ್ಧತಿ."

"ಮತ್ತ ದೊಡ್ಡವ್ವ?"

"ಆ ವರ್ಷ ಅಕಿ ಹೆಸರು. ನನ್ನ ಅಕ್ಕ. ನನಗಿಂತ ಎರಡ ಬೆರಳು ಎತ್ತರ ಇದ್ಲು. ಅಕಿದೊಂದು ಮರಿ ಇತ್ತು, ಕಿವಿ ಕರ್ರಗ, ಅಕಿ ಕೈಯಾಗ ಹಾಲು ಕುಡಿದು ಬೆಳದದ್ದು. ಅದು ಮೊದಲನೇ ಸಲ ಹೊಳಿ ದಾಟೋದಿತ್ತು. ಬೆಲ್ಲ ನುಂಗಿ, ಹಿಂದಲ ಬೇಲಿ ಸಂದಿಲೇ ಬಂದುಬಿಟ್ಲು. ನಾ ಅವ್ವನ ಸೆರಗ ಹಿಡಿದು ದಂಡಿ ಮ್ಯಾಲ ನಿಂತಿದ್ದೆ. ಅಕಿ ಕೆಳಗ ಬಂಡೆಗಲ್ಲಿನ ಹಿಂದ, ಮರಿ ಹಿಡಕೊಂಡು ನೀರಂಚಿಗೆ ಕುಂತಿದ್ದು ಯಾರಿಗೂ ಕಾಣಲಿಲ್ಲ. ಅವ್ವ ಕರದ್ಲು..."

ಆಕೆ ನಿಲ್ಲಿಸಿದಳು. ಆ ಹೆಸರು ಆಕೆಯ ನಾಲಿಗೆಯ ತನಕ ಬಂದದ್ದು, ಹಿಂದೆ ಹೋದದ್ದು ನನಗೆ ಕಂಡಿತು.

"ಅವ್ವ ಕರದ್ರ ಮಕ್ಕಳು ಏನಂತಾವ ಯವ್ವಾ? ನೀನ ಹೇಳು. 'ಓ ಯವ್ವಾ, ಇಲ್ಲೇ ಅದೀನಿ' ಅಂದ್ಲು. ಅಂದು ಎದ್ದು ನಿಂತ್ಲು. ಅಷ್ಟ."

ಯಶೋದಾ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕಣ್ಣ ಮುಂದೆ ಮಂಜು ಮಂಜು. ದಿನಕ್ಕೆ ಎಷ್ಟು ಸಲ ನಾನು ಪ್ರಜ್ಞಾಳನ್ನು ಕರೆಯುತ್ತೇನೆ, ಅವಳು ಎಷ್ಟು ಸಲ ಓ ಎನ್ನುತ್ತಾಳೆ.

"ಯವ್ವಾ," ತಡೆದುಕೊಳ್ಳಲಾಗದೆ ಕೇಳಿದೆ, "ಅದು ಮೊಸಳಿ ಅಲ್ಲೇನು?"

"ಮೊಸಳಿನೇ." ಆಕೆ ನನ್ನನ್ನು ನೇರವಾಗಿ ನೋಡಿದಳು. "ಹೊಳಿ ದಂಡ್ಯಾಗ ಹುಟ್ಟಿದಾಕಿಗೆ ಮೊಸಳಿ ಗೊತ್ತಾಗಂಗಿಲ್ಲೇನು? ಬೆನ್ನು ನೋಡೀನಿ, ಬಾಲ ನೋಡೀನಿ. ನಮ್ಮವ್ವನೂ ನೋಡ್ಯಾಳ. ನಮ್ಮಜ್ಜನೂ ನೋಡ್ಯಾನ."

ಅಮೋಘಸಿದ್ದ ಕೈಯಲ್ಲಿದ್ದ ಫೋನನ್ನು ಕಟ್ಟೆಯ ಮೇಲೆ ಇಟ್ಟ. "ಮತ್ತ ಘಟಸರ್ಪ ಅಂತ ಯಾರಂದ್ರು?"

"ನಿನ್ನ ಮುತ್ತಜ್ಜ. ಮೊಸಳಿ ಅಂದ್ರ ನಮ್ಮ ತಪ್ಪು ಆಗ್ತಿತ್ತಲ್ಲ ಯಪ್ಪಾ. ಕುರಿ ದಾಟೋ ಮುಂದ ಗಂಡಸರು ಬಡಿಗಿ ಹಿಡಿದು, ನೀರು ಬಡಿದು, ಮೊಸಳಿ ಓಡಿಸಬೇಕು. ಅವತ್ತು ಬಡಿದಿದ್ದಿಲ್ಲ. ಪೂಜಿ ಮುಗೀಲಿ ಆಮ್ಯಾಲ ಬಡಿಯೂಣು ಅಂತ ಬೀಡಿ ಸೇದಕೋತ ಕುಂತಿದ್ರು. ಅಜ್ಜ ಎದ್ದು ನಿಂತು, ಘಟಸರ್ಪ ನಮ್ಮ ಕೂಸಿನ್ನ ಒಪ್ಪಿಸಿಕೊಂಡದ, ಅಕಿ ದೇವರಾಗ್ಯಾಳ, ಯಾರೂ ಅಳಬ್ಯಾಡ್ರಿ ಅಂದ. ದೇವರಾದೋರಿಗೆ ಅಳಬಾರದಂತ. ನಮ್ಮವ್ವ ಅಳಲಿಲ್ಲ. ಅಳಾಕ ಬಿಡಲಿಲ್ಲ. ಮರುದಿನ ಕಲ್ಲು ನೆಟ್ರು, ಬಳಿ ಏರಿಸಿದ್ರು. ಅವ್ವ ಸಾಯೋತನ ಯಾವ ಮಗಳ ಹೆಸರೂ ಹಿಡಿದು ಕರೀಲಿಲ್ಲ. ನಾನೂ ಅಕಿ ಮಗಳು."

ನಾನು ಎಂಥ ದಿಗಿಲಿನಲ್ಲಿ ಕೂತಿದ್ದೆನೆಂದು ಹೇಳುವುದು ಕಷ್ಟ. ಇಲ್ಲದ ಪ್ರಾಣಿಯನ್ನು ನಂಬುವ ಮಂದಿ ಎಂದು ನಾನು ಮನಸ್ಸಿನಲ್ಲೇ ಕನಿಕರ ಪಡುತ್ತಿದ್ದೆ. ಇವರು ನಂಬಿರಲಿಲ್ಲ. ಕಣ್ಣಾರೆ ಕಂಡಿದ್ದರು. ಕಂಡದ್ದನ್ನು ಹೇಳಲಾರದೆ ಇಲ್ಲದ್ದನ್ನು ಸಾಕಿಕೊಂಡಿದ್ದರು, ಅದು ಎರಡು ತಲೆಮಾರು ದಾಟಿ ಬಂದು ಈ ಮಗುವನ್ನು ಬುಟ್ಟಿಯ ನೀರಲ್ಲಿ ನಿಲ್ಲಿಸಿತ್ತು.

"ಇಷ್ಟು ವರ್ಷ ಒಂದಿನರ ಹೇಳಬಾರದಿತ್ತೇನು ಯವ್ವಾ?" ಅಮೋಘಸಿದ್ದ ತಾಯಿಯ ಕಾಲ ಹತ್ತಿರ ಕುಕ್ಕರಿಸಿದ. "ನಾ ನನ್ನ ಮಗಳನ್ನ ಕೈಯಾರೆ..."

"ಹೇಳಿದ್ರ ಅಳು ಬರ್ತದ ಯಪ್ಪಾ. ಅಳಬಾರದು ಅಂದಿದ್ರಲ್ಲ."

ಯಶೋದಾ ಕಂಬ ಬಿಟ್ಟು ಮುಂದೆ ಬಂದಳು. "ನಾ ಹೇಳಿದ್ದೆರಿ ಅತ್ತಿ, ಇದು ಬ್ಯಾಡ ಅಂತ. ನಾ ಹೇಳಿದ್ರ ಕೇಳಂಗಿಲ್ಲ, ಫೋನ್ ಹೇಳಿದ್ರ ಕೇಳ್ತಾರ." ನನಗೆ ಅಳುವಿನ ನಡುವೆ ನಗು ಬಂತು. ಅಮೋಘಸಿದ್ದ ತಲೆ ಎತ್ತಲಿಲ್ಲ. ಕಟ್ಟೆಯ ಮೇಲಿದ್ದ ಫೋನು ಒದರತೊಡಗಿತು, ಸಿದ್ರಾಮನ ಹೆಸರು ಹೊಳೆಯಿತು. ಅವನು ಎತ್ತಲಿಲ್ಲ.

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಹೋಗುವುದು ಬೇಡ, ಅಷ್ಟೇ ತಾನೇ? ಆದರೆ ಅಮೋಘಸಿದ್ದ ಮೆಲ್ಲಗೆ ಹೇಳಿದ, "ನಾ ಬರಂಗಿಲ್ಲ ಅಂದ್ರ ಸಿದ್ರಾಮ ತನ್ನ ಮಗಳನ್ನ ನಿಲ್ಲಿಸ್ತಾನ. ಅಕಿ ಇನ್ನೂ ಸಣ್ಣಾಕಿ. ಕುರಿ ಸತ್ತದ್ದಕ್ಕ ಅವರ ತೆಲಿ ನೆಟ್ಟಗಿಲ್ಲ. ಮೊಸಳಿ ಅಂದ್ರೂ ಕೇಳಂಗಿಲ್ಲ, ಈ ವಿಡಿಯೋ ಎಲ್ಲಾರ ಫೋನಿನಾಗೂ ಅದ."

ಬಂಡೆಮ್ಮ ಬೆಲ್ಲದ ಗಂಟಿನ ದಾರ ಬಿಚ್ಚುತ್ತ ಕಟ್ಟುತ್ತ ಬಹಳ ಹೊತ್ತು ಕೂತಳು. ಆಮೇಲೆ, ಹಿಟ್ಟಿಗೆ ನೀರು ಎಷ್ಟು ಎಂದು ಹೇಳುವ ದನಿಯಲ್ಲಿ ಹೇಳಿದಳು:

"ಅವರಿಗೆ ಹೇಳು. ಪದ್ಧತಿ ಗೊತ್ತಿದ್ದಾಕಿ ನಾ ಒಬ್ಬಾಕಿ ಅದೀನಿ, ನಾ ಹೇಳಿದಂಗ ನಡೀಬೇಕು. ಈ ಸಲ ಹೆಸರು ನಂದು. ಮನಿ ಹಿರಿಯಾಕಿ ತನ್ನ ಹೆಸರು ಕೊಟ್ಟ ಮ್ಯಾಲ ಆ ಮನಿತನ ಮತ್ತ ಯಾವ ಕೂಸಿನ ಹೆಸರೂ ಕೊಡಂಗಿಲ್ಲ. ಲೆಕ್ಕ ತೀರ್ತದ. 'ಮೊದಲು ಗಂಡಸರು ನೀರು ಬಡೀಬೇಕು' ಅಂತನೂ ಹೇಳು. ಅದೂ ಪದ್ಧತಿನೇ. ಒಬ್ಬ ಹುಡುಗಿನೂ ದಂಡಿಗೆ ಬರಬಾರದು."

"ಖರೇನ ಹಂಗ ಪದ್ಧತಿ ಇತ್ತೇನು ಯವ್ವಾ, ಹಿರಿಯಾಕಿ ಹೆಸರು ಕೊಟ್ರ ಮುಗೀತದಂತ?" ಎಂದು ನಾನು ಹೊರಗೆ ಬಂದ ಮೇಲೆ ಕಿವಿಯಲ್ಲಿ ಕೇಳಿದೆ.

"ಇವತ್ತಿಂದ ಅದ," ಅಂದಳು. "ನಮ್ಮಜ್ಜ ಅವತ್ತು ಒಂದು ಮಾತು ಹುಟ್ಟಿಸಿದ, ಇವತ್ತಿನತನ ನಡೀತು. ನಾ ಒಂದು ಹುಟ್ಟಿಸಿದ್ರ ತಪ್ಪೇನು?"

ಸಂಜೆಯ ಬಸ್ಸಿಗೆ ರಾಯಚೂರಿಗೆ ಹೊರಟೆವು. ತವರುಮನೆಯಲ್ಲಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ, ಅವ್ವನಿಗೆ ಮುಖ ತೋರಿಸಿ ಬಂದೆ, ಅಷ್ಟೇ. ಪ್ರಜ್ಞಾ ನಮ್ಮಿಬ್ಬರ ನಡುವೆ ಕೂತಿದ್ದಳು.

"ಅಜ್ಜೀ, ಅದು ಡೈನೋಸಾರ್ ಅಲ್ಲಂತ. ಮೊಸಳಿ ಅಂತ. ಶೈಲಿಗೆ ಅಕಿ ಅವ್ವ ಹೇಳಿದ್ದನ್ನ ನಾ ಕೇಳಿಸಿಕೊಂಡೆ."

"ಹೌದು ಕೂಸೇ."

"ಮತ್ತ ನೀ ಯಾಕ ಹ್ಞೂಂ ಅಂದಿ?"

"ಬಾಯಿ ಉದ್ದ ಇತ್ತು ಅಂತ ಹೇಳಿದ್ನೆಲ್ಲ?"

ಪ್ರಜ್ಞಾ ಯೋಚಿಸಿದಳು, ಒಪ್ಪಿದಳು, ಸ್ವಲ್ಪ ಹೊತ್ತಿಗೆ ಆಕೆಯ ತೊಡೆಯ ಮೇಲೆ ನಿದ್ದೆ ಹೋದಳು. ಹೊರಗೆ ಭತ್ತದ ಗದ್ದೆಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಬಂಡೆಮ್ಮ ಮಗುವಿನ ಕೂದಲು ನೇವರಿಸುತ್ತ, ನನ್ನ ಕಡೆ ನೋಡದೆ ಮಾತು ತೆಗೆದಳು.

"ಯವ್ವಾ, ಒಂದು ಕೆಲಸ ಅದ. ಒಲ್ಲೆ ಅನಬಾರದು."

"ಹೇಳು."

"ಅಮಾಸಿ ದಿನ ಹೆಸರು ಹಿಡಿದು ಕರಿಯಾಕಿ ತಾಯಿ ಇರಬೇಕು. ನನ್ನವ್ವ ಇಲ್ಲ. ಸೊಸಿ ಅತ್ತಿ ಹೆಸರು ಹಿಡಿದು ಕರೀತಾಳೇನು, ಪಾಪ, ಅದರ ನಾಲಿಗಿ ಹೊರಳಂಗಿಲ್ಲ. ನೀ ಹೋಗು. ನನ್ನ ಮಗ ಕರಕೊಂಡು ಹೋಗಿ ಕರಕೊಂಡು ಬರ್ತಾನ."

"ನಾ ನಿನ್ನ ಮಗಳ ವಯಸ್ಸಿನಾಕಿ ಯವ್ವಾ. ಮತ್ತ ನಮ್ಮ ಮನ್ಯಾಗ ಇಂಥಾದ್ದು ಯಾವುದೂ ನಂಬಂಗಿಲ್ಲ. ನಿನಗ ಗೊತ್ತದ."

"ಗೊತ್ತದ. ಅದಕ್ಕ ಕೇಳಾಕತ್ತೀನಿ. ನಂಬಿದಾಕಿ ಕರದ್ರ ದನಿ ನಡಗ್ತದ. ನೀ ನಿನ್ನ ಮಗಳನ್ನ ಶಾಲಿಗೆ ಹೊತ್ತಾತು ಅಂತ ಕರಿಯಂಗ ಕರೀತಿ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ನಿನ್ನ ಮನ್ಯಾಗ, ಬಾಗಿಲು ಹಾಕ್ಕೊಂಡು, ಬಾಯಿತುಂಬ ಬೆಲ್ಲ ಇಟಗೊಂಡು ಕುಂದರ್ತೀನಿ. ನಾ ಓ ಅನದಂಗ ಈ ಕೂಸು ನನ್ನ ಬಾಯಿ ಕಾಯ್ತದ. ನನ್ನ ಹೆಸರು ಹಿಡಿದು ಯಾರೂ ಪ್ರೀತಿಲೇ ಕರೆದಿಲ್ಲ ಯವ್ವಾ, ಆ ದಿನದಿಂದ. ಬಂಡೆವ್ವಾ ಅಂತ ಒಂದ ಸಲ ಕರಿ. ಒಂದ ಗಳಿಗಿ ನನ್ನವ್ವ ಆಗು."

ನಾನು ಆಕೆಯ ಕೈ ಹಿಡಿದುಕೊಂಡೆ. ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟು ಒಣಗಿತ್ತು.

"ಮತ್ತ ನೋಡು," ಎಂದಳು, ದನಿ ತಗ್ಗಿಸಿ, "ದಂಡಿ ಮ್ಯಾಲಿನ ದೊಡ್ಡ ಬಂಡೆಗಲ್ಲು ಹತ್ತಿ, ಅಲ್ಲೇ ನಿಂತು ಕರಿ. ಯಾರೇನಂದ್ರೂ ನೀರಿಗೆ ಮಾತ್ರ ಇಳಿಬ್ಯಾಡ ನನ್ನವ್ವಾ."